ಎರವಿನ ಬೆಳಕು

ಬನಶಂಕರಿ ಜಾತ್ರೆಗೆ ಹೋದವರಿಗೆ ದೇವಿಯ ದರ್ಶನ ಎಷ್ಟು ಮುಖ್ಯವೋ ನಾಟಕದ ದರ್ಶನವೂ ಅಷ್ಟೇ ಮುಖ್ಯ. ಬದಾಮಿಗೆ ಮೂರು ಮೈಲು ದೂರದ ಚೊಳಚಗುಡ್ಡದ ಬಯಲಿನಲ್ಲಿ, ಬನದ ಹುಣ್ಣಿಮೆಯ ತೇರು ಸಾಗಿದ ಮೇಲೆಯೂ ವಾರಗಟ್ಟಲೆ, ನಾಟಕ ಕಂಪನಿಗಳು ಬೀಡು ಬಿಟ್ಟಿರುತ್ತವೆ. ಒಂದು ಡೇರೆಯ ಹಾಡು ಮತ್ತೊಂದು ಡೇರೆಯ ನಗೆಯೊಡನೆ ಕಲೆತು ಬೆಳಗಿನ ಜಾವದವರೆಗೂ ಊರನ್ನು ಮಲಗಗೊಡುವುದಿಲ್ಲ.

ಅಂಥ ಒಂದು ರಾತ್ರಿ ಹರಿದ್ರಾ ತೀರ್ಥದ ಸುತ್ತಣ ಕಲ್ಲು ಮಂಟಪದಲ್ಲಿ ಒಂದು ಕುಟುಂಬ ಬುತ್ತಿ ಬಿಚ್ಚಿ ಕುಳಿತಿತ್ತು. ಹತ್ತು ಹನ್ನೆರಡು ವಯಸ್ಸಿನ ಹುಡುಗನ ಕೈಯಲ್ಲಿ ನಿಂಟೆಂಡೊ ಕಂಪನಿಯ ‘ಸ್ವಿಚ್’ ಎಂಬ ಆಟದ ಯಂತ್ರ. ಅದು ನಮ್ಮ ಕಡೆಯ ಪೇಟೆಯ ಸರಕಲ್ಲ. ಪರದೇಶದಲ್ಲಿರುವ ಸೋದರಮಾವ ತಂದು ಕೊಟ್ಟದ್ದಂತೆ. ಆಡಿ ಆಡಿ ಬೇಸತ್ತ ಹುಡುಗ ತಂದೆಯ ಮೊಬೈಲಿನಿಂದ ಅಂತರ್ಜಾಲವನ್ನು ಎರವು ಪಡೆದು ಅದೇ ಯಂತ್ರದಲ್ಲಿ ಯೂಟ್ಯೂಬ್ ತೆರೆದ. ಅಜ್ಜಿ ಮಗ್ಗುಲಿಗೆ ಸರಿದು, “ಅದರಾಗ ಪಾರಿಜಾತ ಬರತೈತೇನು ನೋಡಪಾ” ಎಂದಳು. ಹುಡುಗ ಹುಡುಕಿದ, ಬಂತು. ಯಾವುದೋ ಹಳ್ಳಿಯಲ್ಲಿ ಯಾರೋ ಚಿತ್ರೀಕರಿಸಿದ ಶ್ರೀಕೃಷ್ಣ ಪಾರಿಜಾತ. ಅಂಗೈಯಗಲದ ಕನ್ನಡಿಯೊಳಗೆ ಸತ್ಯಭಾಮೆ ಮುನಿಸಿಕೊಂಡು ಕುಳಿತಳು. ಅಜ್ಜಿ ತುತ್ತು ಮರೆತು ನೋಡತೊಡಗಿದಳು.

ನಾಲ್ಕು ದಿಕ್ಕಿಗೂ ನಾಟಕ ನಡೆಯುತ್ತಿರುವಾಗ ಆಟಿಕೆಯಲ್ಲಿ ನಾಟಕ ನೋಡುವವರನ್ನು ಕಂಡು ನನಗೆ ಮೊದಲು ನಗು ಬಂತೆಂಬುದನ್ನು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಚಿತ್ರ ನಿಂತಿತು. ಬಿಳಿಯ ಬಳೆಯೊಂದು ಪರದೆಯ ನಡುವೆ ಸುತ್ತತೊಡಗಿತು. ಜಾತ್ರೆಯ ಜನಸಂದಣಿಯಲ್ಲಿ ಸಂಪರ್ಕದ ಎಳೆ ಹರಿದಿತ್ತು. “ಹೋತು?” ಎಂದಳು ಅಜ್ಜಿ. “ಹೋತು” ಎಂದ ಹುಡುಗ, ಮತ್ತೆ ಆಟಕ್ಕೆ ತಿರುಗಿದ. ಆಟ ಯಂತ್ರದೊಳಗೇ ಇತ್ತು, ಪಾರಿಜಾತ ಇರಲಿಲ್ಲ. ಆ ಎರಡಕ್ಕೂ ಇರುವ ಅಂತರವೇ ಈ ಲೇಖನದ ವಿಷಯ.

ಕಲ್ಲಿನಲ್ಲಿ, ತೊಗಲಿನಲ್ಲಿ

ಚಿತ್ರಗಳನ್ನು ಸಾಲಾಗಿ ನೋಡಿ ಕಥೆ ತಿಳಿಯುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಬದಾಮಿಯ ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು. ಅಲ್ಲಿಯ ಶಾಸನ ಕ್ರಿ. ಶ. 578ರದು. ಪ್ರವಾಸಿಗಳು ಅಲ್ಲಿಯ ಆಳೆತ್ತರದ ನರಸಿಂಹನನ್ನೂ ತ್ರಿವಿಕ್ರಮನನ್ನೂ ನೋಡಿ ಹಿಂದಿರುಗುತ್ತಾರೆ. ಕತ್ತು ಹಿಂದಕ್ಕೆ ಬಾಗಿಸಿ ತೊಲೆಗಳತ್ತ ನೋಡುವವರು ಕಡಿಮೆ. ಅಲ್ಲಿ ಗೇಣಗಲದ ಶಿಲ್ಪಪಟ್ಟಿಕೆಗಳಲ್ಲಿ ಸಮುದ್ರಮಥನ ನಡೆದಿದೆ, ಪಾರಿಜಾತಹರಣ ನಡೆದಿದೆ. ಹೌದು, ಅಜ್ಜಿ ಕೇಳಿದ ಅದೇ ಪಾರಿಜಾತದ ಕಥೆ. ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವನು ನಡೆಯುತ್ತಾನೆ; ಈಗ ನೋಡುವವನು ಕುಳಿತಿರುತ್ತಾನೆ, ಚಿತ್ರ ನಡೆಯುತ್ತದೆ. ಸಮೀಪದ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ಪಾಪನಾಥ ಗುಡಿಯ ಹೊರಗೋಡೆಯ ರಾಮಾಯಣ ಶಿಲ್ಪಗಳಿಗೆ ಪಾತ್ರಗಳ ಹೆಸರನ್ನೂ ಕೊರೆದಿದ್ದಾರೆ. ಇಂದು ಚಿತ್ರದ ಕೆಳಗೆ ಮೂಡುವ ಅಕ್ಷರಗಳ ಕೆಲಸವನ್ನು ಅಂದು ಉಳಿ ಮಾಡಿತ್ತು.

ಕಲ್ಲು ಚಲಿಸುವುದಿಲ್ಲ. ಚಲಿಸುವ ಚಿತ್ರವನ್ನು ಊರೂರಿಗೆ ಹೊತ್ತು ತಂದವರು ಕಿಳ್ಳೇಕ್ಯಾತರು. ಹದಮಾಡಿದ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಕತ್ತರಿಸಿ, ಬಣ್ಣ ತುಂಬಿ, ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾತ್ರಿಯಿಡೀ ರಾಮಾಯಣ ಮಹಾಭಾರತ ಆಡಿಸುತ್ತಿದ್ದರು. ಇಳಕಲ್ಲಿಗೆ ದಕ್ಷಿಣದಲ್ಲಿರುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರಿಗೆ ತೊಂಬತ್ತಾರು ವರ್ಷ. ಈ ಆಟದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೊಂಬೆ, ದೀಪ, ಪರದೆ, ಹಾಡು ಎಲ್ಲವೂ ಆಡಿಸುವವರ ಸ್ವಂತದ್ದು. ಆಟ ಮುಗಿದ ಮೇಲೆ ರಾಮನೂ ರಾವಣನೂ ಒಂದೇ ಪೆಟ್ಟಿಗೆಯಲ್ಲಿ ಮಲಗುತ್ತಾರೆ. ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಆ ಪೆಟ್ಟಿಗೆ ಬರುತ್ತದೆ.

ಪಾರಿಜಾತದ್ದೂ ಇದೇ ಮಾತು. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ರಂಗಕ್ಕೆ ತಿದ್ದಿ, ಕೌಜಲಗಿ ನಿಂಗಮ್ಮನಂಥವರು ಮೆರೆಸಿದ ಈ ಸಣ್ಣಾಟ ಕೃಷ್ಣೆ ಘಟಪ್ರಭೆಯರ ನಡುವಣ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಉಳಿದುಕೊಂಡು ಬಂದಿತು. ಕಂಠದಲ್ಲಿದ್ದುದನ್ನು ಯಾರೂ ದೂರದಿಂದ ಆರಿಸಲಾರರು.

ಮುಗಿಲಿನಿಂದ ಇಳಿದ ಚಿತ್ರ

ದೂರದಿಂದ ಆರಿಸಬಹುದಾದ ಚಿತ್ರ ಈ ನಾಡಿಗೆ ಬಂದ ದಿನ ನಿಶ್ಚಿತವಾಗಿ ತಿಳಿದಿದೆ: 1975ರ ಆಗಸ್ಟ್ 1. ಬಾಗಲಕೋಟೆ ಜಿಲ್ಲೆ ಆಗ ಹುಟ್ಟಿರಲಿಲ್ಲ. ಅದು ಬೇರೆಯಾದದ್ದು 1997ರಲ್ಲಿ. ಬಾಗಲಕೋಟೆ, ಬದಾಮಿ, ಹುನಗುಂದ ತಾಲೂಕುಗಳು ವಿಜಾಪುರ ಜಿಲ್ಲೆಯಲ್ಲಿದ್ದವು. ಇಳಕಲ್ಲು ಹುನಗುಂದ ತಾಲೂಕಿನ ಊರಾಗಿತ್ತು. ಆಗ ಟೆಲಿವಿಷನ್ ಎಂದರೆ ದಿಲ್ಲಿ, ಮುಂಬಯಿಯಂಥ ಕೆಲವೇ ದೊಡ್ಡ ನಗರಗಳ ಭೋಗವಸ್ತು, ಬೆಂಗಳೂರಿಗೂ ಬಂದಿರಲಿಲ್ಲ. ಹೀಗಿರುವಾಗ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಅದು ನೇರವಾಗಿ ಆಕಾಶದಿಂದ ಇಳಿಯಿತು.

ಅದರ ಹೆಸರು ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ. ಜನ ‘ಸೈಟ್’ ಎಂದರು. ವಿಕ್ರಮ ಸಾರಾಭಾಯಿಯವರ ಕನಸು. 1969ರಲ್ಲಿ ಅಮೇರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡರು; ಕನಸು ಮುಂದುವರಿಯಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಎಟಿಎಸ್-6 ಎಂಬ ಉಪಗ್ರಹವನ್ನು ನಾಸಾ ಒಂದು ವರ್ಷದ ಮಟ್ಟಿಗೆ ಭಾರತದ ಕಡೆಗೆ ಸರಿಸಿ ನಿಲ್ಲಿಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಟೆಲಿವಿಷನ್ ಪೆಟ್ಟಿಗೆಗಳು ಕುಳಿತವು. ಮೇಲೆ ಕೋಳಿಗೂಡಿಗೆ ಕಟ್ಟುವ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಬೋಗುಣಿಯಂಥ ಆಂಟೆನಾ. ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ: ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬಿತ್ತನೆ, ಗೊಬ್ಬರ, ಆರೋಗ್ಯ, ಕುಟುಂಬ ಯೋಜನೆ. ನಡುವೆ ಹಾಡು, ಕುಣಿತ. ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳಿಸುವ ಸೌಕರ್ಯ ಆ ಉಪಗ್ರಹಕ್ಕಿತ್ತು. ಒಂದೇ ನೋಟವನ್ನು ಎರಡು ಭಾಷೆಯವರು ತಮ್ಮ ತಮ್ಮ ಮಾತಿನಲ್ಲಿ ಕೇಳುವುದು ಇದರಿಂದ ಸಾಧ್ಯವಾಗಿತ್ತು. ಇಂದು ಚಿತ್ರವೊಂದಕ್ಕೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳುವ ಗುಂಡಿಯ ಹಿರಿಯಣ್ಣ ಇದೇ.

ಒಂದು ವರ್ಷ ಕಳೆಯಿತು. 1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಅಮೇರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಪೆಟ್ಟಿಗೆ ಇತ್ತು, ತಂತಿಬಲೆ ಇತ್ತು, ನೋಡುವ ಕಣ್ಣುಗಳಿದ್ದವು. ಬೆಳಕು ಮಾತ್ರ ಇರಲಿಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ. ವರ್ಷದ ಅವಧಿಯೆಂಬುದು ಮೊದಲೇ ಗೊತ್ತಿದ್ದ ಮಾತು. ಆದರೂ ಚಿತ್ರ ತೋರಿಸುವ ಯಂತ್ರ ಬೇರೆ, ಚಿತ್ರ ಬರುವ ದಾರಿ ಬೇರೆ, ಎರಡನೆಯದರ ಒಡೆಯ ಬೇರೊಬ್ಬ ಎಂಬ ಪಾಠವನ್ನು ಈ ಸೀಮೆ ಅಂದೇ ಕಲಿತಿತು. ಅದಕ್ಕೆ ಪರಿಹಾರವೂ ಬೇಗನೆ ದೊರೆಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲೆಯೇ ಪ್ರಸಾರ ಕೇಂದ್ರ ಸ್ಥಾಪನೆಯಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಬಡಗಣ ಬರಗಾಲದ ನಾಡಿಗೆ ಚಿತ್ರ ತಲುಪಿದ ಈ ಸಂಗತಿಯನ್ನು ನಾವು ಹೇಳಿಕೊಳ್ಳುವುದು ಕಡಿಮೆ.

ಆಟಿಕೆಯೊಳಗೆ ಹೊಕ್ಕ ಚಿತ್ರ

ಚಿತ್ರ ಪಡಸಾಲೆಯಿಂದ ಅಂಗೈಗೆ ಇಳಿದ ಕಥೆ ನಡೆದದ್ದು ಜಪಾನಿನಲ್ಲಿ. ಗುನ್‌ಪೈ ಯೊಕೊಯ್ ಎಂಬ ನಿಂಟೆಂಡೊ ಕಂಪನಿಯ ನೌಕರನೊಬ್ಬ ರೈಲಿನಲ್ಲಿ ಪ್ರಯಾಣಿಕನೊಬ್ಬ ಹೊತ್ತು ಹೋಗದೆ ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತುತ್ತ ಕುಳಿತುದನ್ನು ಕಂಡನಂತೆ. ಅದರಿಂದ 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಜೇಬಿನ ಆಟ ಹುಟ್ಟಿತು. 1989ರಲ್ಲಿ ‘ಗೇಮ್ ಬಾಯ್’ ಬಂತು. ಅದರ ಪರದೆ ನಾಲ್ಕೇ ಛಾಯೆಯದು. ಪಾಚಿಗಟ್ಟಿದ ಹೊಂಡದ ಬಣ್ಣ. ಆದರೂ ಮಕ್ಕಳು ಅದಕ್ಕೆ ಮರುಳಾದರು. ಅದರ ಬಡ ತಮ್ಮಂದಿರು, ಇಟ್ಟಿಗೆ ಜೋಡಿಸುವ ಚೀನೀ ಆಟಿಕೆಗಳು, ಮುಂದೆ ನಮ್ಮ ಜಾತ್ರೆಯ ಅಂಗಡಿಗಳಲ್ಲಿಯೂ ಪೀಪಿ ಗಿಲಕಿಗಳ ಮಗ್ಗುಲಲ್ಲಿ ನೇತಾಡಿದವು.

ಆಟದ ಯಂತ್ರದಲ್ಲಿ ಚಿತ್ರ ನೋಡುವ ಆಸೆ ಬೇಗನೆ ಮೊಳೆಯಿತು. ಸೆಗಾ ಕಂಪನಿ 1990ರಲ್ಲಿ ‘ಗೇಮ್ ಗಿಯರ್’ ಎಂಬ ಬಣ್ಣದ ಯಂತ್ರ ತಂದು, ಅದಕ್ಕೆ ಸಿಕ್ಕಿಸುವ ಟೆಲಿವಿಷನ್ ಟ್ಯೂನರನ್ನೂ ಮಾರಿತು. ಆರು ಸೆಲ್ಲುಗಳನ್ನು ಮೂರರಿಂದ ಐದು ಗಂಟೆಯಲ್ಲಿ ನುಂಗುವ ಯಂತ್ರವದು. ಸುದ್ದಿ ಮುಗಿಯುವುದರೊಳಗೆ ಬೆಳಕು ಮುಗಿಯುವ ಭಯ. ಆ ಟ್ಯೂನರುಗಳಿಗೆ ಸಾವು ಬಂದುದು ಸೆಲ್ಲಿನಿಂದಲ್ಲ. ಅಮೇರಿಕದಲ್ಲಿ 2009ರಲ್ಲಿ, ಜಪಾನಿನ ಬಹುಭಾಗದಲ್ಲಿ 2011ರಲ್ಲಿ ಹಳೆಯ ಬಗೆಯ ಪ್ರಸಾರವೇ ನಿಂತುಹೋಯಿತು. ವಿಜಾಪುರದ ಹಳ್ಳಿಯ ಪೆಟ್ಟಿಗೆಗೆ 1976ರಲ್ಲಿ ಆದದ್ದೇ ಇದಕ್ಕೂ ಆಯಿತು.

ಸೋನಿ ಕಂಪನಿ ಬೇರೆ ದಾರಿ ಹಿಡಿಯಿತು. 2004ರ ಕೊನೆಯಲ್ಲಿ ಅದು ತಂದ ಪಿಎಸ್‌ಪಿ ಯಂತ್ರಕ್ಕೆ ಚಲಚ್ಚಿತ್ರಗಳನ್ನು ಆರು ಸೆಂಟಿಮೀಟರ್ ಅಗಲದ ಪುಟ್ಟ ತಟ್ಟೆಗಳಲ್ಲಿ ತುಂಬಿ ಮಾರಿದರು. ಮನೆಯಲ್ಲಿ ಒಂದು ತಟ್ಟೆ ಕೊಂಡು, ಯಂತ್ರಕ್ಕೆಂದು ಅದೇ ಚಿತ್ರದ ಮತ್ತೊಂದು ತಟ್ಟೆಗೆ ದುಡ್ಡು ಕೊಡಲು ಜನ ಒಪ್ಪಲಿಲ್ಲ. ಒಂದೆರಡು ವರ್ಷದಲ್ಲೇ ಅಂಗಡಿಗಳು ಅವನ್ನು ಕೆಳಗಿಳಿಸಿದವು. ಎಲ್ಲರೂ ಅದನ್ನು ಸೋತ ವ್ಯಾಪಾರವೆಂದರು.

ಆಮೇಲೆ ಬಂದುದು ಹರಿವಿನ ಕಾಲ, ಸ್ಟ್ರೀಮಿಂಗ್. ಇದರ ಕ್ರಮ ಸರಳವಾದದ್ದು. ಚಿತ್ರವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ನಯವಾದದ್ದು, ಮಧ್ಯಮ, ಒರಟು ಎಂದು ಹಲವು ದರ್ಜೆಗಳಲ್ಲಿ ದೂರದ ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಯಂತ್ರ ಒಂದು ತುಣುಕನ್ನು ತೋರಿಸುತ್ತಿರುವಾಗಲೇ ಮುಂದಿನದನ್ನು ತರಿಸುತ್ತದೆ. ದಾರಿ ಇಕ್ಕಟ್ಟಾದರೆ ಒರಟು ದರ್ಜೆಯದನ್ನು ಕೇಳುತ್ತದೆ. ದಾರಿಯೇ ಮುಚ್ಚಿದರೆ ಬಿಳಿಯ ಬಳೆ ಸುತ್ತುತ್ತದೆ. ತೋರಿಸಿದ ತುಣುಕು ಅಲ್ಲಿಯೇ ಕರಗುತ್ತದೆ. ಹೊಳೆಯ ನೀರು ಕಾಲನ್ನು ತೊಳೆದು ಹೋಗುತ್ತದೆ, ಕೊಡದಲ್ಲಿ ನಿಲ್ಲುವುದಿಲ್ಲ.

ನಿಂಟೆಂಡೊದ ‘3ಡಿಎಸ್’ ಯಂತ್ರಕ್ಕೆ 2011ರಲ್ಲಿ ನೆಟ್‌ಫ್ಲಿಕ್ಸ್, 2013ರಲ್ಲಿ ಯೂಟ್ಯೂಬ್ ಬಂದವು. 2012ರ ಫೆಬ್ರವರಿಯಲ್ಲಿ ಭಾರತದಲ್ಲೂ ಬಿಡುಗಡೆಯಾದ ಸೋನಿಯ ‘ವೀಟಾ’ದಲ್ಲಿಯೂ ಯೂಟ್ಯೂಬ್ ಇತ್ತು. 2017ರ ‘ಸ್ವಿಚ್’ ಯಂತ್ರಕ್ಕೆ ಅದು 2018ರ ನವೆಂಬರಿನಲ್ಲಿ ಬಂತು. ಆಡುವುದಕ್ಕೆ ಕೊಂಡದ್ದು ನೋಡುವುದಕ್ಕೂ ಆಯಿತಲ್ಲ ಎಂದು ಮನೆಯವರಿಗೆ ಸಮಾಧಾನ. ಓದಿನ ಹೊತ್ತನ್ನು ಇನ್ನೊಂದು ಬಾಗಿಲಿನಿಂದ ಕದ್ದಿತಲ್ಲ ಎಂದು ತಾಯಂದಿರಿಗೆ ಅಸಮಾಧಾನ.

ಪರಿಹಾರವಿಲ್ಲದ ಮುಳುಗಡೆ

ಈಗ ಈ ಬಾಗಿಲುಗಳು ಮುಚ್ಚಿದ ತಾರೀಖುಗಳನ್ನು ನೋಡೋಣ. ವೀಟಾದ ಯೂಟ್ಯೂಬ್ 2015ರಲ್ಲಿ ಹೋಯಿತು. 3ಡಿಎಸ್‌ನ ಯೂಟ್ಯೂಬ್ 2019ರ ಸೆಪ್ಟೆಂಬರಿನಲ್ಲಿ, ನೆಟ್‌ಫ್ಲಿಕ್ಸ್ 2021ರ ಜೂನ್ 30ರಂದು ನಿಂತವು. 2023ರ ಮಾರ್ಚಿನಲ್ಲಿ ಆ ಯಂತ್ರದ ಅಂಗಡಿಯೇ ಮುಚ್ಚಿತು. ಯಂತ್ರಗಳು ಕೆಟ್ಟಿರಲಿಲ್ಲ. ಇಂದಿಗೂ ಬಟನ್ ಒತ್ತಿದರೆ ಬೆಳಗುತ್ತವೆ. ಒಳಗಿನ ಆಟ ಆಡುತ್ತವೆ. ಹರಿವಿನ ಚಿತ್ರ ಮಾತ್ರ ಬಾರದು. ಅತ್ತ, ಸೋತ ವ್ಯಾಪಾರವೆಂದು ನಕ್ಕ ಪಿಎಸ್‌ಪಿಯ ಪುಟ್ಟ ತಟ್ಟೆಯನ್ನು ಇಂದು ಹಾಕಿದರೂ ಚಿತ್ರ ಓಡುತ್ತದೆ! ಕೈಯಲ್ಲಿದ್ದುದು ಉಳಿಯಿತು, ಹರಿದು ಬರುತ್ತಿದ್ದುದು ಹೋಯಿತು.

ಕಾರಣ ಗೂಢವಾದದ್ದೇನೂ ಅಲ್ಲ. ಒಂದೊಂದು ಯಂತ್ರಕ್ಕೂ ತಕ್ಕಂತೆ ಅಪ್ಲಿಕೇಶನ್ ಹೊಲಿಯಬೇಕು. ಉಗ್ರಾಣದ ಬೀಗ ಬದಲಾದಾಗಲೆಲ್ಲ ಹೊಸ ಕೀಲಿ ಮಾಡಿ ಕೊಡಬೇಕು. ಚಿತ್ರವನ್ನು ಅಡಕ ಮಾಡುವ ವಿಧಾನ ಹೊಸದಾದಂತೆ ಹಳೆಯ ಯಂತ್ರದ ಬಡ ಮಿದುಳು ಅದನ್ನು ಬಿಚ್ಚಲಾರದಾಗುತ್ತದೆ. ನೋಡುವವರು ಕಡಿಮೆಯಾದ ಯಂತ್ರಕ್ಕೆ ಇಷ್ಟೆಲ್ಲ ವೆಚ್ಚ ಯಾರು ಮಾಡಿಯಾರು? ಇಳಕಲ್ ಸೀರೆ ಉಟ್ಟವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅದರ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸಿದರೇ ತೋಪು ತೆನಿಯ ಸೆರಗು ನಿಲ್ಲುತ್ತದೆ. ನೇಕಾರನ ಕುಣಿಕೆ ಸೀರೆ ಸವೆಯುವವರೆಗೂ ಬಿಚ್ಚುವುದಿಲ್ಲ. ಈ ಯಂತ್ರಕ್ಕೂ ದೂರದ ಉಗ್ರಾಣಕ್ಕೂ ಇರುವ ಕುಣಿಕೆಯನ್ನು ಮಾತ್ರ ಆ ತುದಿಯವರು ತಮಗೆ ಬೇಕಾದ ದಿನ ಬಿಚ್ಚಬಲ್ಲರು.

ಬಾಗಲಕೋಟೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ತಮ್ಮ ಹಳೆಯ ಊರಿನ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದವರು ಅವರು; ‘ಮುಳುಗಡೆ’ ಎಂಬ ಶಬ್ದ ಅಲ್ಲಿ ಚಿಕ್ಕ ಮಕ್ಕಳ ಬಾಯಲ್ಲೂ ಇದೆ. ಹೊಲ ಮುಳುಗಿದರೆ, ಮನೆ ಮುಳುಗಿದರೆ ಸರಕಾರ ನೋಟೀಸು ಕೊಡುತ್ತದೆ. ಸಾಲದೆನ್ನುವ ಜಗಳವಿದ್ದರೂ ಪರಿಹಾರವೆಂಬ ಮಾತಾದರೂ ಇದೆ. ಚಿತ್ರಗಳ ಮುಳುಗಡೆಗೆ ನೋಟೀಸು ಉಂಟು, ಪರಿಹಾರವಿಲ್ಲ, ಪುನರ್ವಸತಿಯಿಲ್ಲ.

ನೆಟ್‌ಫ್ಲಿಕ್ಸ್‌ನ ಚಿತ್ರ ಒಂದು ಯಂತ್ರದಲ್ಲಿ ನಿಂತರೆ ಇನ್ನೊಂದರಲ್ಲಿ ಸಿಕ್ಕೀತು; ಅದಕ್ಕಾಗಿ ಅಳಬೇಕಾದದ್ದಿಲ್ಲ. ಅಜ್ಜಿ ನೋಡುತ್ತಿದ್ದ ಪಾರಿಜಾತದ ಗತಿಯೇ ಯೋಚಿಸಬೇಕಾದದ್ದು. ಜಾತ್ರೆಯ ನಾಟಕಗಳು, ಬಯಲಾಟಗಳು, ಭಜನೆ, ಡೊಳ್ಳಿನ ಹಾಡುಗಳು ಇಂದು ಯಾರದೋ ಮೊಬೈಲಿನಲ್ಲಿ ಚಿತ್ರಿತವಾಗಿ ಯೂಟ್ಯೂಬಿಗೆ ಏರುತ್ತಿವೆ. ಏರಿಸಿದವನು ಮೊಬೈಲ್ ತುಂಬಿತೆಂದು ಮೂಲವನ್ನು ಅಳಿಸುತ್ತಾನೆ. ಅಲ್ಲಿಗೆ ಆ ಆಟದ ಒಂದೇ ಪ್ರತಿ ಪರದೇಶದ ಒಂದು ಕಂಪನಿಯ ಉಗ್ರಾಣದಲ್ಲಿ ಉಳಿಯಿತು. ಆ ಕಂಪನಿ ದುಷ್ಟವೆಂದು ನಾನು ಹೇಳುತ್ತಿಲ್ಲ. ಸಾವಿರಾರು ಹಳ್ಳಿಗಳ ಕಲೆಗೆ ಅದು ಕೊಟ್ಟ ವೇದಿಕೆಯನ್ನು ಯಾವ ಅಕಾಡೆಮಿಯೂ ಕೊಟ್ಟಿರಲಿಲ್ಲ. ಆದರೆ ಎರವು ಎರವೇ. ಹಾಡಿದವರು ತೀರಿಕೊಂಡ ಮೇಲೆ, ಆ ಖಾತೆಯ ಗುಪ್ತಶಬ್ದ ಮರೆತುಹೋದ ಮೇಲೆ, ಒಂದು ದಿನ ಆ ಬಳೆ ಸುತ್ತುತ್ತಲೇ ಉಳಿದರೆ ಕೇಳುವುದು ಯಾರನ್ನು?

ಉಳಿಸಿಕೊಂಡವರ ನೆನಪು

ಉಳಿಸಿಕೊಳ್ಳುವ ದಾರಿ ಈ ಸೀಮೆಗೆ ಗೊತ್ತಿಲ್ಲದ್ದಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಹೋದವರು ನೋಡಿರುತ್ತಾರೆ: ನಾರಾಯಣಪುರದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ನುಂಗದಂತೆ ಸುತ್ತಲೂ ಬಾವಿಯಂಥ ಗೋಡೆ ಎತ್ತಿ, ಮೆಟ್ಟಿಲಿಳಿದು ದರ್ಶನ ಮಾಡುವಂತೆ ಕಟ್ಟಿದ್ದಾರೆ. ಹೊರಗೆ ಹೊಳೆ ತುಂಬಿದರೂ ಒಳಗೆ ಲಿಂಗ ಒಣಗಿದೆ. ನೀರು ಬರುವುದನ್ನು ಯಾರೂ ತಡೆಯಲಿಲ್ಲ. ಮುಳುಗಬಾರದ್ದು ಯಾವುದೆಂದು ಮೊದಲೇ ನಿಶ್ಚಯಿಸಿ ಅದರ ಸುತ್ತ ಗೋಡೆ ಕಟ್ಟಿದರು, ಅಷ್ಟೇ.

ಇಲ್ಲಿಯೂ ಅಷ್ಟೇ ಸಾಕು. ಹರಿವಿನ ಕಾಲವನ್ನು ಬೈದು ಫಲವಿಲ್ಲ. ನಮ್ಮೂರ ಆಟದ ಒಂದು ಪ್ರತಿ ಯೂಟ್ಯೂಬಿನಲ್ಲಿರಲಿ. ಇನ್ನೊಂದು ಪ್ರತಿ ಊರ ಶಾಲೆಯ, ವಾಚನಾಲಯದ, ಇಲ್ಲವೆ ಮೇಳದ ಹಿರಿಯನ ಕಪಾಟಿನ ಡಿಸ್ಕಿನಲ್ಲಿರಲಿ. ಕೆಲವು ವರ್ಷಕ್ಕೊಮ್ಮೆ ಅದನ್ನು ಹೊಸ ಡಿಸ್ಕಿಗೆ ಇಳಿಸುವ ಕೆಲಸವನ್ನು ಒಬ್ಬರು ಒಪ್ಪಿಕೊಳ್ಳಲಿ. ಆಡಿದವರ ಹೆಸರು, ಊರು, ತಾರೀಖು ಬರೆದಿಡಲಿ. ಪಾಪನಾಥ ಗುಡಿಯ ಶಿಲ್ಪಿಗಳು ಹೆಸರು ಕೊರೆದದ್ದರಿಂದ ನಮಗೆ ಎಷ್ಟು ಉಪಕಾರವಾಯಿತೆಂಬುದನ್ನು ನೆನೆಯಬೇಕು. ವೆಚ್ಚ ಒಂದು ಜಾತ್ರೆಯ ಮದ್ದಿನ ಖರ್ಚಿಗಿಂತ ಹೆಚ್ಚಾಗದು.

ಆ ರಾತ್ರಿ ಸ್ವಲ್ಪ ಹೊತ್ತಿನ ಮೇಲೆ ಸಂಪರ್ಕ ಮರಳಿತು. ಹುಡುಗ ಅಜ್ಜಿಯನ್ನು ಕರೆದ. ಅಜ್ಜಿ ಆಗಲೇ ಬುತ್ತಿಯ ಅರಿವೆ ಝಾಡಿಸಿ ಎದ್ದಿದ್ದಳು. ಚಿತ್ರ ನಿಂತ ಜಾಗದಿಂದ ಮುಂದಿನ ಪದವನ್ನು ತಾನೇ ಗುನುಗುತ್ತ ಪಾತ್ರೆ ತೊಳೆಯಲು ಹೊಂಡದ ಮೆಟ್ಟಿಲಿಳಿದಳು. ಹುಡುಗ ಯಂತ್ರವನ್ನು ಅಲ್ಲಿಯೇ ಬಿಟ್ಟು, “ಆಮ್ಯಾಲ ಏನಾತು, ಹೇಳು” ಎನ್ನುತ್ತ ಅವಳ ಬೆನ್ನು ಹತ್ತಿದ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಗುಂಡಿ ಇರುತ್ತದೆಂದು ಆ ಹುಡುಗನಿಗೆ ನಾನು ಹೇಳಬೇಕಾಗಿತ್ತು. ಜಾತ್ರೆಯ ಗದ್ದಲದಲ್ಲಿ ಹೊಳೆಯಲಿಲ್ಲ.